ಜೀಪಿಗೆ ಸಲ್ಲುವ ಪೂಜೆ

ಮಡಿಕೇರಿ ಕಡೆಯಿಂದ ಮಾಂದಲ್‌ಪಟ್ಟಿಗೆ ಏರುವ ಹಳೆಯ ಡೀಸೆಲ್ ಜೀಪುಗಳಿಗೆ ಆಯುಧಪೂಜೆಯ ದಿನ ಚೆಂಡುಹೂವಿನ ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು. ಜಡವಸ್ತುವಿಗೆ ಮಾಡಿದ ಈ ಪೂಜೆ ಮುಟ್ಟುವುದು ಯಾರಿಗೆ?

ಉತ್ತರ ಬಾನೆಟ್ಟಿನ ಕೆಳಗೆ, ಆಯಿಲ್ ಬದಲಿಸುವ ಕೆಲಸದಲ್ಲಿದೆ. ಇಂಜಿನ್ ಬೆಚ್ಚಗಿರುವಾಗಲೇ ಕೆಳಗಿನ ಬೋಲ್ಟು ಬಿಚ್ಚಿದರೆ ಕಪ್ಪು ಆಯಿಲ್ ಸಲೀಸಾಗಿ ಇಳಿಯುತ್ತದೆ. ಆ ಕಪ್ಪು, ಡೀಸೆಲ್ ಉರಿದ ಮಸಿ. ಅದನ್ನು ಆಯಿಲ್ ತನ್ನೊಳಗೆ ಹೊತ್ತುಕೊಂಡಿದ್ದರಿಂದಲೇ ಇಂಜಿನ್ನಿನ ಒಳಭಾಗದಲ್ಲಿ ಕೆಸರು ಕಟ್ಟಿಲ್ಲ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಒಂದಿಷ್ಟು ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಬೇಕು.

12ನೇ ಶತಮಾನದ ಶರಣರು ಕಾಯಕವನ್ನು ಪೂಜೆಯಿಂದ ಬೇರೆ ಮಾಡಲಿಲ್ಲ. ಆ ಲೆಕ್ಕದಲ್ಲಿ ಹಾರ ಹಾಕಿ ಆಯಿಲ್ ಮರೆತವನ ಪೂಜೆ ಅರ್ಧಕ್ಕೇ ನಿಂತಿತು. ಇಳಿಸಿದ ಆಯಿಲನ್ನು ತೋಡಿಗೆ ಸುರಿದರಂತೂ ಆ ಅರ್ಧವೂ ಹೋಯಿತು: ಕೊಡಗಿನ ಬಹುಪಾಲು ನೀರು ಸೇರುವುದು ಕಾವೇರಿಯನ್ನೇ. ಅದನ್ನು ಡಬ್ಬಿಗೆ ತುಂಬಿಸಿ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಬೇಕು.