ಒಲೆ ಎಣಿಸಲು ಬಂದವರು

ಇಂಗ್ಲೆಂಡಿನಲ್ಲಿ 1662ರಲ್ಲಿ ಒಲೆ ತೆರಿಗೆ ಅಂತ ಒಂದು ಬಂತು. ಒಂದೊಂದು ಒಲೆಗೂ ವರ್ಷಕ್ಕೆ ಎರಡು ಶಿಲ್ಲಿಂಗ್. ತೀರಾ ಬಡವರಿಗೆ ವಿನಾಯ್ತಿ ಇತ್ತು. ಆದರೆ ಒಲೆ ಇರೋದು ಮನೆ ಒಳಗೆ, ಎಣಿಸಬೇಕಂದ್ರೆ ಒಳಗೇ ಬರಬೇಕು. ಹಾಗಾಗಿ ಊರಿನ ಕಾನ್‌ಸ್ಟೇಬಲ್, ಆಮೇಲೆ ತೆರಿಗೆಯವರು, ಹಗಲು ಹೊತ್ತು ಮನೆ ಹೊಕ್ಕು ನೋಡಬಹುದು ಅಂತ ಕಾನೂನೇ ಹೇಳಿತು. ಜನ ಅವರಿಗೆ 'ಚಿಮಣಿಯವರು' ಅಂತ ಹೆಸರಿಟ್ಟು ಶಪಿಸಿದರು. 1689ರಲ್ಲಿ ತೆರಿಗೆ ರದ್ದಾಯ್ತು. ಗುರುತಿಲ್ಲದವರು ಮನಸ್ಸಿಗೆ ಬಂದಾಗ ಮನೆ ಹೊಕ್ಕು ಶೋಧಿಸೋದು ಇಡೀ ಜನರಿಗೆ ಗುಲಾಮಗಿರಿಯ ಗುರುತು ಅನ್ನೋ ಅರ್ಥದ ಮಾತನ್ನು ರದ್ದು ಮಾಡಿದ ಕಾಯ್ದೆಯೇ ಬರೆದುಕೊಂಡಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಳ್ಳಿ ಮನೆ. ನಾನಾಗ ಏಳನೇ ಕ್ಲಾಸು. ಸಾಲದ ಕೇಸಿನಲ್ಲಿ ಅಪ್ಪನ ಮೇಲೆ ಡಿಕ್ರಿ ಆಗಿತ್ತು. ಕೋರ್ಟಿನ ಅಮೀನ ಜಪ್ತಿಗೆ ಬಂದ. ಅವ್ವ ಮುದ್ದೆ ತಿರುವುತ್ತಿದ್ದಳು. ಅವನು ಅಡುಗೆಮನೆ ಬಾಗಿಲಿಗೆ ಬಂದು, ಒಲೆ ನೋಡಿ, ಏನೂ ಬರೆದುಕೊಳ್ಳದೆ ವಾಪಸ್ ತಿರುಗಿದ. ಟಿ.ವಿ., ಸೈಕಲ್ಲು ಹೋದವು. ಪಾತ್ರೆ ಉಳಿದವು. ಒಳ್ಳೆ ಮನುಷ್ಯ ಅಂದುಕೊಂಡಿದ್ದೆ.

ಒಳ್ಳೆಯವನೇ ಇರಬಹುದು. ಆದರೆ ಅದು ಕಾನೂನೂ ಹೌದು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಪ್ರಕಾರ ಸಾಲಗಾರನ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ ಮುಟ್ಟುವಂತಿಲ್ಲ. ರೈತನಾದರೆ ನೇಗಿಲು, ಬಿತ್ತನೆ ಬೀಜ, ಬೇಕಾದಷ್ಟು ದನ ಬಿಡಬೇಕು. ಸೂರ್ಯ ಮುಳುಗಿದ ಮೇಲೆ ಜಪ್ತಿಗೆ ಅಂತ ಮನೆ ಹೊಕ್ಕುವಂತಿಲ್ಲ. ಬ್ರಿಟಿಷರ ಕಾಲದ ಕಾನೂನು. ಆದರೂ ಒಳಗೆ ಬಂದವನು ಎಲ್ಲಿ ನಿಲ್ಲಬೇಕು ಅಂತ ಅದು ಯೋಚಿಸಿತ್ತು.

ಈಗ ನನ್ನ ವಿಷಯಕ್ಕೆ ಬರ್ತೀನಿ. ಕೆಲವು ವರ್ಷದ ಹಿಂದೆ ನಾನೊಂದು ಸಾಲದ ಆ್ಯಪ್‌ಗೆ ಕೋಡ್ ಬರೆದೆ. ಸಾಲ ಕೇಳಿದವನ ಫೋನಿನಲ್ಲಿರೋ ಅಷ್ಟೂ ನಂಬರು ನಮ್ಮ ಸರ್ವರಿಗೆ ಬರೋ ಹಾಗೆ. ಮೀಟಿಂಗಿನಲ್ಲಿ "ಇದು ಬೇಕಾ?" ಅಂತ ಒಂದ್ಸಲ ಕೇಳಿದೆ. "ಅವರೇ ಅಲೋ ಒತ್ತಿದಾರಲ್ಲ" ಅಂದರು. ಸುಮ್ಮನಾದೆ. ಅಮೀನ ಕತ್ತಲಾದ ಮೇಲೆ ಬರುವಂತಿರಲಿಲ್ಲ. ನನ್ನ ಕೋಡು ನಡುರಾತ್ರಿಯೂ ಹೋಗುತ್ತಿತ್ತು, ಅವ್ವನ ನಂಬರು, ಅತ್ತಿಗೆಯ ನಂಬರು ಅಂತ ನೋಡದೆ ಎಲ್ಲ ಎತ್ತಿಕೊಂಡು ಬರುತ್ತಿತ್ತು.

ಒಂದಿನ ಊರಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅದು ಬೇರೆ ಯಾವುದೋ ಆ್ಯಪ್. "ಅಣ್ಣ, ಎಲ್ಲಾರ ನಂಬರೂ ಕೇಳ್ತದೆ. ಒತ್ಲಾ?"

"ಬೇಡ ಅನ್ನು."

"ಬೇಡ ಅಂದ್ರೆ ಸಾಲ ಇಲ್ವಂತೆ ಕಣಣ್ಣ."

ಒಪ್ಪಿಗೆ ಅಂತ ನಾವು ಕರೆಯೋದು ಇದನ್ನೇ. ಚಿಮಣಿಯವರಿಗೆ ಬಾಗಿಲು ತೆಗೆದ ಹೆಂಗಸೂ ಒಂದು ಲೆಕ್ಕದಲ್ಲಿ ಒಪ್ಪಿದವಳೇ, ಅಲ್ವಾ? ಬೇಡ ಅನ್ನೋಕೆ ದಾರಿಯೇ ಇಲ್ಲದಾಗ ಹೇಳಿದ ಹೂಂಗೆ ಎಷ್ಟು ಬೆಲೆ?

2022ರಲ್ಲಿ ರಿಸರ್ವ್ ಬ್ಯಾಂಕ್ ಸಾಲದ ಆ್ಯಪ್‌ಗಳು ಫೋನಿನ ನಂಬರುಗಳನ್ನು ಮುಟ್ಟಕೂಡದು ಅಂದಿತು. ನಾನು ಬರೆದಿದ್ದ ಆ ಸಾಲುಗಳನ್ನು ನಾನೇ ಅಳಿಸಿದೆ. ಅರ್ಧ ಗಂಟೆಯ ಕೆಲಸ. ಆದರೆ ಅಳಿಸಿದ್ದು ನಿಯಮ ಬಂದ ಮೇಲೆ. ಚಿಕ್ಕಪ್ಪನ ಮಗ ಫೋನ್ ಮಾಡಿದ ದಿನ ಅಲ್ಲ.