ಕಾಯಕವಂತರಿಗೆ ಸಲ್ಲುವ ಮಾನ

ಸಂಸ್ಕೃತದಲ್ಲಿ ‘ಮಾನ’ವೆಂಬ ರೂಪವು ಎರಡು ಧಾತುಗಳಿಂದ ಸಿದ್ಧಿಸುವುದು. ಮನ್ ಧಾತುವಿನಿಂದ ಬಂದ ಮಾನಕ್ಕೆ ಗೌರವವೆಂದೂ ಮಾ ಧಾತುವಿನಿಂದ ಬಂದುದಕ್ಕೆ ಅಳತೆಯೆಂದೂ ಅರ್ಥ. ವೈಯಾಕರಣರು ಇವೆರಡನ್ನೂ ಬೇರ್ಪಡಿಸಿ ಹೇಳಿದರೂ ಲೋಕವ್ಯವಹಾರದಲ್ಲಿ ಒಂದು ಇನ್ನೊಂದನ್ನು ಬಿಟ್ಟಿರಲಾರದು. ಒಂದು ಊರು ಯಾರನ್ನು ಕರೆದು ಗೌರವಿಸುವುದೆಂಬುದನ್ನು ನೋಡಿದರೆ ಸಾಕು, ಆ ಊರಿನ ಕೈಯಲ್ಲಿರುವ ಅಳತೆಗೋಲು ಎಂತಹುದೆಂಬುದು ತಾನಾಗಿ ವ್ಯಕ್ತವಾಗುವುದು.

ಜಾತ್ರೆಯ ಧರ್ಮಸಭೆಗಳಲ್ಲಿ ಶಾಲು, ಹಾರ, ಫಲತಾಂಬೂಲಗಳಿಂದ ಸನ್ಮಾನಿಸುವ ಪದ್ಧತಿ ಎಲ್ಲೆಡೆಯೂ ಉಂಟು. ದೇಣಿಗೆಯ ಪಟ್ಟಿಯಲ್ಲಿ ಮೊದಲನೆಯದಾದ ಹೆಸರೇ ಸನ್ಮಾನದ ಪಟ್ಟಿಯಲ್ಲಿಯೂ ಮೊದಲನೆಯದಾಗಿರುವುದು ಅಪರೂಪವೇನಲ್ಲ. ದಾನಿಯನ್ನು ಗೌರವಿಸುವುದು ಯುಕ್ತವೇ ಸರಿ. ಆದರೆ ತೇರಿನ ಗಾಲಿಯನ್ನು ಕಡೆದ ಬಡಿಗನೂ ಕಳಸವನ್ನು ಎರಕ ಹೊಯ್ದ ಕಂಚುಗಾರನೂ ಅದೇ ಸಭೆಯ ಹಿಂಬದಿಯಲ್ಲಿ ನಿಂತು ನೋಡುವಂತಾದರೆ ಅಳತೆಗೋಲಿನಲ್ಲಿ ಲೋಪವಿದೆಯೆಂದೇ ತಿಳಿಯಬೇಕು.

ಕಲ್ಯಾಣದ ಶರಣರ ರೀತಿ ಇದಕ್ಕೆ ಪ್ರತಿಯಾಗಿದ್ದಿತು. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಇವರ ಹೆಸರಿನೊಡನೆ ಕಾಯಕವೇ ಬಿರುದಾಗಿ ನಿಂತಿತು. ಕಾಶ್ಮೀರದ ಅರಸನಾಗಿದ್ದನೆಂದು ಪ್ರತೀತಿಯುಳ್ಳ ಮಹಾತ್ಮನನ್ನು ಲೋಕ ಇಂದಿಗೂ ಸ್ಮರಿಸುವುದು ಕಟ್ಟಿಗೆಯ ಹೊರೆಯ ಹೆಸರಿನಿಂದ, ಮೋಳಿಗೆಯ ಮಾರಯ್ಯನೆಂದು. ಸಿಂಹಾಸನದ ಹೆಸರು ಮರೆತುಹೋಯಿತು, ಸೌದೆಯ ಹೆಸರು ಉಳಿಯಿತು!

ಸನ್ಮಾನವನ್ನು ಕೊಡುವ ಬಗೆಯನ್ನೂ ಪಡೆಯುವ ಬಗೆಯನ್ನೂ ಏಕಕಾಲದಲ್ಲಿ ತಿಳಿಸುವ ಕಥೆಯೆಂದರೆ ಸಮಗಾರ ಹರಳಯ್ಯನದು. ಬೀದಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯನು ‘ಶರಣು’ ಎಂದನು. ಅವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ತಾನು ಕೊಟ್ಟುದು ಒಂದು, ತನಗೆ ಬಂದುದು ಎರಡು. ಹೆಚ್ಚಿಗೆ ಬಂದುದು ಋಣವಾಯಿತೆಂದು ಹರಳಯ್ಯನು ತಲ್ಲಣಿಸಿದನು. ಸತಿ ಕಲ್ಯಾಣಮ್ಮನೊಡನೆ ಆಲೋಚಿಸಿ, ಇಬ್ಬರೂ ತಮ್ಮ ತೊಡೆಯ ಚರ್ಮವನ್ನು ತೆಗೆದು ಪಾದರಕ್ಷೆಗಳನ್ನು ಮಾಡಿ ತಂದರು. ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಮಂತ್ರಿಪದವಿಯಲ್ಲಿದ್ದವರು ಕಾಯಕವಂತನಿಗೆ ಎರಡು ಪಾಲು ಮಾನವನ್ನು ಕೊಟ್ಟರು. ಪಡೆದವನು ಅದನ್ನು ತನ್ನ ಹಿರಿಮೆಯೆಂದೆಣಿಸದೆ ಹೊರೆಯೆಂದೆಣಿಸಿದನು. ಮುಂದೆ ಇದೇ ಹರಳಯ್ಯನ ಮನೆಗೂ ಮಧುವರಸರ ಮನೆಗೂ ವಿವಾಹಸಂಬಂಧ ಕೂಡಿದಾಗ ಇಬ್ಬರು ತಂದೆಯರೂ ಪ್ರಾಣವನ್ನೇ ತೆತ್ತರೆಂಬುದು ಪರಂಪರೆಯ ಮಾತು. ಮಾನವನ್ನು ಸಮವಾಗಿ ಅಳೆದುದಕ್ಕೆ ಕಲ್ಯಾಣ ಕೊಟ್ಟ ಬೆಲೆ ಅಲ್ಪವಲ್ಲ.

ಇಂತಹ ಕಾಯಕವಂತರು ಹನ್ನೆರಡನೆಯ ಶತಮಾನದಲ್ಲಿಯೇ ತೀರಿಹೋದರೆಂದು ನಿಟ್ಟುಸಿರಿಡುವುದು ಸೋಮಾರಿತನ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಎಂಬ ಕೃಷಿಕರ ವೃತ್ತಾಂತವನ್ನು ನೋಡಬಹುದು. ಬೆಳಗಿನ ನಿದ್ರೆಯನ್ನು ಗೆಲ್ಲುವುದಕ್ಕಾಗಿ ಅವರು ಗಡಿಯಾರದ ಕೀಲಿಗೆ ದಾರವನ್ನು ಕಟ್ಟಿ, ಕೀಲಿ ತಿರುಗಿದೊಡನೆ ನೀರಿನ ಸೀಸೆ ಬಾಗಿ ಮುಖದ ಮೇಲೆ ನೀರು ಸುರಿಯುವಂತೆ ಯುಕ್ತಿ ಹೂಡಿದರಂತೆ. ವಿನೋದದಂತೆ ತೋರುವ ಈ ಬುದ್ಧಿಯೇ ಮುಂದೆ ಹೊಲಕ್ಕಿಳಿಯಿತು. ಹುಣಸೆಯ ಹಣ್ಣಿನಿಂದ ಬೀಜವನ್ನು ಬೇರ್ಪಡಿಸುವ ಯಂತ್ರ, ಬೀಜವನ್ನೂ ಗೊಬ್ಬರವನ್ನೂ ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬನ್ನು ನೆಡುವ ಸಾಧನ ಇವೆಲ್ಲ ಅವರ ಕಲ್ಪನೆಯಿಂದ ಮೂಡಿದವು. ಬಿತ್ತನೆಯ ಹದ ಮೀರುವ ಮುನ್ನ ಆಳು ಸಿಗದೆ ಕಂಗೆಡುವ ಒಕ್ಕಲಿಗನಿಗೆ ಕೂರಿಗೆಯ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಬಸವಕಲ್ಯಾಣವನ್ನು ತನ್ನೊಳಗಿಟ್ಟುಕೊಂಡಿರುವ ಬೀದರ ಜಿಲ್ಲೆಗೆ 2023ರಲ್ಲಿ ಅದೇ ಗೌರವ ಬಂದಿತು. ಬಿದರಿ ಕಲೆಯ ಶಾ ರಶೀದ್ ಅಹಮದ್ ಖಾದ್ರಿಯವರಿಗೆ. ಈ ಕಲೆಯ ಕ್ರಮ ಮನನಯೋಗ್ಯವಾದುದು. ಸತುವಿನೊಡನೆ ಸ್ವಲ್ಪ ತಾಮ್ರವನ್ನು ಬೆರೆಸಿ ಪಾತ್ರೆಯನ್ನು ಎರಕ ಹೊಯ್ಯುವರು. ಮೈಮೇಲೆ ಚಿತ್ತಾರವನ್ನು ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ ಉಜ್ಜುವರು. ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಾಯಿಸಿ ಪಾತ್ರೆಗೆ ಸೋಕಿಸಿದರೆ ಲೋಹವೆಲ್ಲ ಕಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. ಅದೇ ಮಣ್ಣು, ಅದೇ ನೀರು! ಕಪ್ಪು ನೆಲವಿಲ್ಲದಿದ್ದರೆ ಆ ಬೆಳ್ಳಿಯ ಬಳ್ಳಿಗೆ ಶೋಭೆಯೇ ಇಲ್ಲ.

ಸಮುದಾಯವನ್ನು ಮುಂದೆ ನಿಂತು ನಡೆಸಿದವರಿಗೆ ನಿದರ್ಶನ ಬೇಕೆಂದರೆ ಹರೇಕಳದ ಹಾಜಬ್ಬನವರುಂಟು. ಮಂಗಳೂರಿನಲ್ಲಿ ಕಿತ್ತಳೆಯನ್ನು ಮಾರುತ್ತಿದ್ದ ಅವರನ್ನು ವಿದೇಶೀಯರು ಬೆಲೆ ಕೇಳಿದಾಗ ಭಾಷೆ ತಿಳಿಯದೆ ನಿರುತ್ತರರಾದರು. ತನಗಾದ ಲಜ್ಜೆ ಊರಿನ ಮಕ್ಕಳಿಗಾಗಬಾರದೆಂದು ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ದುಡಿದರು. ಬಂದ ಪುರಸ್ಕಾರಗಳ ಹಣವನ್ನೂ ಶಾಲೆಗೇ ಸಲ್ಲಿಸಿದರು. 2020ರಲ್ಲಿ ಘೋಷಿತವಾದ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ರಾಷ್ಟ್ರಪತಿಭವನದಲ್ಲಿ ಬರಿಗಾಲಿನಲ್ಲಿಯೇ ಸ್ವೀಕರಿಸಿದರು. ಅಕ್ಷರ ಬಾರದವನು ಅಕ್ಷರವನ್ನು ಹಂಚಿದುದನ್ನು ದಾಸೋಹವೆನ್ನದೆ ಬೇರೇನೆನ್ನಬೇಕು?

ಈ ಮೂವರೂ ಅನ್ಯಮತದವರಲ್ಲವೇ, ಶರಣರ ಸಾಲಿನಲ್ಲಿ ಇವರನ್ನು ಹೇಳುವುದುಂಟೇ ಎಂದು ಶಂಕಿಸುವವರಿರಬಹುದು. ಹರಳಯ್ಯನಿಗೆ ಎರಡು ಬಾರಿ ಶರಣೆಂದುದನ್ನು ಕೇಳಿ ಅಂದಿನ ಕಲ್ಯಾಣದಲ್ಲಿಯೂ ಕೆಲವರು ಮೂಗು ಮುರಿದಿರಲೇಬೇಕು. ಕುಲವನ್ನು ಕೇಳಿ ಮಾನವನ್ನು ಅಳೆಯುವವರು ನಿಲ್ಲುವುದು ಅವರ ಪಕ್ಕದಲ್ಲಿಯೇ ಹೊರತು ಬಸವಣ್ಣನವರ ಪಕ್ಕದಲ್ಲಲ್ಲ.

ಇನ್ನೊಂದು ಸಂಗತಿ. 1954ರಲ್ಲಿ ಆರಂಭವಾದ ಪದ್ಮ ಪುರಸ್ಕಾರಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಬಳಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿದೆ. ಅವುಗಳೊಡನೆ ಹಣವೂ ಬರುವುದಿಲ್ಲ. ಆದರೂ ಜನರು ಆಹ್ವಾನಪತ್ರಿಕೆಗಳಲ್ಲಿ ಹೆಸರಿನ ಮುಂದೆ ಅದನ್ನು ಅಚ್ಚುಹಾಕಿಸುವುದನ್ನು ಬಿಟ್ಟಿಲ್ಲ!

ಆ ಪುರಸ್ಕಾರಗಳಿಗೆ ಯಾವ ನಾಗರಿಕನಾದರೂ ಯೋಗ್ಯರ ಹೆಸರನ್ನು ಸೂಚಿಸಬಹುದು. ಊರ ಜಾತ್ರೆಯ ಸನ್ಮಾನಕ್ಕಂತೂ ದೆಹಲಿಯ ಅಪ್ಪಣೆಯೂ ಬೇಕಿಲ್ಲ. ಪಟ್ಟಿಯನ್ನು ಬರೆಯುವ ಮುನ್ನ ಸಮಿತಿಯ ಹಿರಿಯರು ಬಡಿಗರ ಓಣಿ, ಕುಂಬಾರರ ಓಣಿ, ನೇಕಾರರ ಓಣಿಗಳಲ್ಲಿ ಒಂದು ಸಂಜೆ ನಡೆದುಬರಲಿ. ಕೆರೆಯ ಹೂಳನ್ನು ತೆಗೆಸಲು ಜನರನ್ನು ಕೂಡಿಸಿದವರು ಯಾರು, ಮುರಿದ ರಾಟೆಯನ್ನು ಹೊಸ ಬಗೆಯಲ್ಲಿ ಕಟ್ಟಿಕೊಟ್ಟವರು ಯಾರು ಎಂದು ಅಲ್ಲಿಯ ತಾಯಂದಿರನ್ನು ಕೇಳಲಿ. ಅವರಿಗೆ ಹೆಸರುಗಳು ಗೊತ್ತಿರುತ್ತವೆ.