ಮೊದಲ ಕಾರಿನ ಬೀಳ್ಕೊಡುಗೆ: ಬಿಡಿಭಾಗ, ಹೆಸರು ಮತ್ತು ಮಮಕಾರ

ಒಂದು ವಸ್ತು ಅದರ ಭಾಗಗಳಿಗಿಂತ ಬೇರೆಯೇ, ಮತ್ತು ಅದನ್ನು ‘ನನ್ನದು’ ಎನ್ನುವವನು ನಿಜವಾಗಿ ಯಾವುದನ್ನು ತನ್ನದೆನ್ನುತ್ತಾನೆ ಎಂಬ ಎರಡು ಪ್ರಶ್ನೆಗಳು ಭಾರತೀಯ ತತ್ತ್ವಚಿಂತನೆಯಲ್ಲಿ ಬಹು ಹಳೆಯವು. ಅವನ್ನು ವಿಚಾರಿಸಲು ಬೌದ್ಧ ಚಿಂತಕರು ಶತಮಾನಗಳ ಕಾಲ ಬಳಸುತ್ತ ಬಂದ ಉದಾಹರಣೆ ಒಂದು ವಾಹನ, ಅಂದರೆ ರಥ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ತೇರಗಾಂವದಂಥ ಊರಿನಲ್ಲಿ ಕುಟುಂಬವೊಂದು ತನ್ನ ಮೊದಲ ಕಾರನ್ನು ಮಾರುವಾಗ ಅಥವಾ ಗುಜರಿಗೆ ಹಾಕುವಾಗ ಪಡುವ ವ್ಯಥೆಯನ್ನು ಕಬ್ಬಿಣದ ಮೇಲಿನ ವ್ಯಾಮೋಹವೆಂದು ತಳ್ಳಿಹಾಕುವುದು ಸುಲಭ; ಆದರೆ ರಥದ ಆ ವಿಚಾರವನ್ನು ಕೊನೆಯವರೆಗೂ ಅನುಸರಿಸಿ ಹೋದವರಿಗೆ, ಆ ವ್ಯಥೆಯ ವಿಷಯ ಕಬ್ಬಿಣವೇ ಅಲ್ಲವೆಂದೂ, ಆ ಕಾರಣಕ್ಕಾಗಿಯೇ ಅದನ್ನು ಭ್ರಮೆಯೆಂದು ಕರೆಯಲಾಗದೆಂದೂ ತಿಳಿಯುತ್ತದೆ.

ಭತ್ತ, ಕಬ್ಬು, ಗೋವಿನಜೋಳ ಬೆಳೆಯುವ ಈ ಭಾಗದ ಒಕ್ಕಲು ಮನೆಗಳಿಗೆ ಚಕ್ಕಡಿ, ಟ್ರ್ಯಾಕ್ಟರ್, ಮೋಟಾರ್ ಸೈಕಲ್ಲುಗಳೆಲ್ಲ ಬಂದ ಮೇಲೆ, ಎಲ್ಲಕ್ಕಿಂತ ತಡವಾಗಿ ಕಾರು ಬರುತ್ತದೆ. 1983ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ, 796 ಸಿ.ಸಿ. ಎಂಜಿನ್ನಿನ ಮಾರುತಿ 800 ದೇಶದ ಲಕ್ಷಾಂತರ ಕುಟುಂಬಗಳಿಗೆ ಇಂಥ ಮೊದಲ ಕಾರಾಗಿತ್ತು. ಊರಿಗೆ ಒಂದೆರಡೇ ಕಾರುಗಳಿದ್ದ ಕಾಲದಲ್ಲಿ ಅದು ಒಂದು ಮನೆಯ ಸೊತ್ತಾಗಿದ್ದಷ್ಟೇ ಓಣಿಯ ಆಸರೆಯೂ ಆಗಿರುತ್ತಿತ್ತು. ಅಪರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡವಳನ್ನು ಧಾರವಾಡಕ್ಕೆ ಒಯ್ಯಲು, ಮದುಮಗಳನ್ನು ಕಳುಹಿಸಲು, ಜೋಯಿಡಾ ತಾಲ್ಲೂಕಿನ ಉಳವಿಯ ಚನ್ನಬಸವೇಶ್ವರನ ಜಾತ್ರೆಗೆ ನಡೆಯಲಾರದ ಹಿರಿಯರನ್ನು ಕರೆದೊಯ್ಯಲು ಅದೇ ಗಾಡಿ ಬೇಕಾಗುತ್ತಿತ್ತು. ಹೀಗೆ ಬಳಕೆಯಾದ ಗಾಡಿಯನ್ನು ಜನ ಕಂಪನಿಯ ಹೆಸರಿನಿಂದ ಕರೆಯದೆ ಇಂಥವರ ಮನೆಯ ಗಾಡಿ ಎಂದೇ ಗುರುತಿಸುತ್ತಿದ್ದುದು ಮುಂದಿನ ಚರ್ಚೆಗೆ ಮುಖ್ಯವಾದ ಸಂಗತಿ.

ಆದರೆ ಹದಿನೈದಿಪ್ಪತ್ತು ವರ್ಷ ಓಡಿದ ಕಾರಿನಲ್ಲಿ ಮೊದಲ ದಿನ ಮನೆಗೆ ಬಂದದ್ದು ಎಷ್ಟು ಉಳಿದಿರುತ್ತದೆ? ಟಯರು, ಬ್ಯಾಟರಿ, ಕ್ಲಚ್ ಪ್ಲೇಟು, ಬ್ರೇಕ್ ಶೂಗಳು ಹಲವು ಸಲ ಬದಲಾಗಿರುತ್ತವೆ. ಮಲೆನಾಡಿನ ಅಂಚಿನ ಮಳೆಗೆ ತುಕ್ಕು ಹಿಡಿದ ತಳದ ತಗಡಿಗೆ ತೇಪೆಯ ಮೇಲೆ ತೇಪೆ ಬಿದ್ದಿರುತ್ತದೆ. ಎಂಜಿನ್ನು ಇಳಿಸಿ ಬೋರ್ ಮಾಡಿಸಿ ಪಿಸ್ಟನ್ನು ಹೊಸದು ಹಾಕಿದ್ದಾಗಿರುತ್ತದೆ. ಹಲಗೆ ಹಲಗೆಯಾಗಿ ಬದಲಾದ, ಗ್ರೀಕ್ ಪುರಾಣದ ವೀರ ಥೀಸಿಯಸ್‌ನ ಹಡಗು ಮೊದಲಿನ ಹಡಗೇ ಹೌದೇ ಎಂದು ತತ್ತ್ವಜ್ಞರು ವಾದಿಸುತ್ತಿದ್ದರೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದದ್ದು ಇದೇ ಪ್ರಶ್ನೆಯನ್ನು. ಕಾನೂನಂತೂ ಇದಕ್ಕೆ ತನ್ನದೇ ಉತ್ತರವನ್ನು ಕೊಟ್ಟುಕೊಂಡಿದೆ: ಬಣ್ಣವಾಗಲಿ ಎಂಜಿನ್ನಾಗಲಿ ಬದಲಾದರೂ ಅದನ್ನು ನೋಂದಣಿ ಪತ್ರದಲ್ಲಿ ನಮೂದಿಸಿದರೆ ಸಾಕು, ಚಾಸಿಯ ಮೇಲೆ ಅಚ್ಚೊತ್ತಿದ ಸಂಖ್ಯೆ ಉಳಿದಿರುವವರೆಗೆ ಅದು ಅದೇ ವಾಹನ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಸಾಮಾನ್ಯವಾಗಿ ಅದರ ಮಾಲೀಕರು. ಅಂದರೆ ಈ ಭಾಗದಲ್ಲಿ ಕೆ.ಎ. 65 ಎಂದು ಆರಂಭವಾಗುವ ದಾಂಡೇಲಿ ಸಾರಿಗೆ ಕಚೇರಿಯ ಸಂಖ್ಯೆ ಮತ್ತು ಒಂದು ಹೆಸರು, ಇವೆರಡರ ಜೋಡಣೆಯೇ ಒಡೆತನ. ಆಡಳಿತಕ್ಕೆ ಇಷ್ಟು ಸಾಕು. ಮಾರಿದ ಗಾಡಿ ರಸ್ತೆಯಲ್ಲಿ ಎದುರಾದಾಗ ಹಿಂದಿನ ಮನೆಯವರಿಗೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಗುವುದು ಏಕೆ ಎಂಬುದನ್ನು ಮಾತ್ರ ಈ ಉತ್ತರ ಮುಟ್ಟುವುದಿಲ್ಲ.

ರಥದ ಉದಾಹರಣೆ ಪಾಲಿ ಗ್ರಂಥಗಳಲ್ಲಿ ವಜಿರಾ ಎಂಬ ಭಿಕ್ಷುಣಿಯ ಮಾತಾಗಿ ಮೊದಲಿಗೆ ಕಾಣಿಸಿಕೊಂಡು, ಯವನ ದೊರೆ ಮಿಲಿಂದ ಮತ್ತು ಭಿಕ್ಷು ನಾಗಸೇನರ ಸಂವಾದರೂಪದ ‘ಮಿಲಿಂದಪಞ್ಹ’ದಲ್ಲಿ ವಿಸ್ತಾರಗೊಂಡಿದೆ. ರಥವೇರಿ ಬಂದ ದೊರೆಗೆ ನಾಗಸೇನ ಕೇಳುವುದು, ಮೂಕಿ ರಥವೇ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ, ಎಲ್ಲವೂ ಸೇರಿ ರಥವೇ, ಇವೆಲ್ಲವನ್ನು ಬಿಟ್ಟು ಬೇರೆ ರಥವಿದೆಯೇ ಎಂದು. ಒಂದೊಂದಕ್ಕೂ ಅಲ್ಲವೆಂದ ದೊರೆ ಕೊನೆಗೆ, ಈ ಅಂಗಗಳನ್ನು ಆಧರಿಸಿ ರಥವೆಂಬ ವ್ಯವಹಾರದ ಹೆಸರು ಬಂದಿದೆಯೆಂದು ಒಪ್ಪುತ್ತಾನೆ. ಭಾಗಗಳನ್ನು ಆಧಾರವಾಗಿಟ್ಟುಕೊಂಡು ಲೋಕವ್ಯವಹಾರಕ್ಕಾಗಿ ಒಂದನ್ನು ‘ಇದು’ ಎಂದು ನಿರ್ದೇಶಿಸುವ ಈ ಕ್ರಿಯೆಗೆ ಬೌದ್ಧರ ಪಾರಿಭಾಷಿಕ ಹೆಸರು ‘ಪ್ರಜ್ಞಪ್ತಿ’.

ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವರ ಮತದಲ್ಲಿ ‘ಅವಯವಿ’, ಅಂದರೆ ಭಾಗಗಳಿಂದ ಹುಟ್ಟಿದ ಇಡೀ ವಸ್ತು, ಭಾಗಗಳಿಗಿಂತ ಭಿನ್ನವಾದ ನಿಜವಾದ ಪದಾರ್ಥ. ಅದು ತನ್ನ ಭಾಗಗಳಲ್ಲಿ ‘ಸಮವಾಯ’ವೆಂಬ ಅಗಲಿಸಲಾಗದ ಸಂಬಂಧದಿಂದ ನೆಲೆಸಿರುತ್ತದೆ. ಈ ನಿಲುವು ಕಾರಿನ ಮೇಲಿನ ಪ್ರೀತಿಗೆ ಅನುಕೂಲವಾಗಿ ಕಂಡರೂ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು: ಬಟ್ಟೆಯಿಂದ ಒಂದು ನೂಲನ್ನು ತೆಗೆದರೆ ಹಳೆಯ ಬಟ್ಟೆ ನಾಶವಾಗಿ ಬೇರೊಂದು ಬಟ್ಟೆ ಹುಟ್ಟುತ್ತದೆಂದು ಅವರೇ ಹೇಳಬೇಕಾಯಿತು. ಹಾಗಾದರೆ ಕ್ಲಚ್ ಪ್ಲೇಟು ಬದಲಿಸಿದ ದಿನವೇ ಮೊದಲ ಕಾರು ಹೋಯಿತು. ಅನಂತರ ‘ಅದೇ ಇದು’ ಎಂದು ಗುರುತಿಸಿದ್ದೆಲ್ಲ ಹೋಲಿಕೆಯ ಬಲದಿಂದಷ್ಟೇ.

ಈ ವಿವಾದಕ್ಕೆ ಅತ್ಯಂತ ಸೂಕ್ಷ್ಮವಾದ ಉತ್ತರ ಕೊಟ್ಟವನು ಏಳನೆಯ ಶತಮಾನದ, ಮಾಧ್ಯಮಿಕ ಬೌದ್ಧ ಪಂಥದ ಆಚಾರ್ಯ ಚಂದ್ರಕೀರ್ತಿ. ಅವನ ‘ಮಧ್ಯಮಕಾವತಾರ’ವು ತೇರಗಾಂವದವರಿಗೆ ದೂರದ ಗ್ರಂಥವೇನಲ್ಲ, ಏಕೆಂದರೆ ಇದೇ ಜಿಲ್ಲೆಯ ಮುಂಡಗೋಡದ ಟಿಬೆಟನ್ ವಿಹಾರಗಳಲ್ಲಿ ಭಿಕ್ಷುಗಳು ಅದನ್ನು ವರ್ಷಗಟ್ಟಲೆ ಓದುತ್ತಾರೆ, ಮತ್ತು ಕುಳಿತವನಿಗೆ ನಿಂತವನು ಚಪ್ಪಾಳೆ ತಟ್ಟಿ ಪ್ರಶ್ನೆಯೆಸೆಯುವ ವಾದಾಂಗಣದಲ್ಲಿ ಅದರ ಒಂದೊಂದು ನಿಲುವನ್ನೂ ಒರೆಗೆ ಹಚ್ಚುತ್ತಾರೆ. ರಥವನ್ನು ಹುಡುಕಲು ಚಂದ್ರಕೀರ್ತಿ ಏಳು ದಾರಿಗಳನ್ನು ಹಾಕಿಕೊಡುತ್ತಾನೆ. ಕಾರಿಗೆ ಅನ್ವಯಿಸಿ ಹೇಳುವುದಾದರೆ, ಭಾಗಗಳನ್ನು ಬಿಟ್ಟು ಬೇರೆ ಕಾರು ಕಾಣುವುದಿಲ್ಲ. ಭಾಗಗಳೇ ಕಾರು ಎಂದರೆ ಭಾಗಗಳೆಷ್ಟೋ ಕಾರುಗಳೂ ಅಷ್ಟಾಗಬೇಕು. ಕಾರು ಭಾಗಗಳನ್ನು ಹೊಂದಿದೆ ಎನ್ನಲು ಹೊಂದುವ ಬೇರೊಂದು ಕಾರು ಬೇಕು. ಕಾರು ಭಾಗಗಳಲ್ಲಿದೆ ಎನ್ನುವುದಕ್ಕೂ ಭಾಗಗಳು ಕಾರಿನಲ್ಲಿವೆ ಎನ್ನುವುದಕ್ಕೂ ಅದೇ ತೊಡಕು. ಭಾಗಗಳ ರಾಶಿಯೇ ಕಾರು ಎಂದರೆ ಗ್ಯಾರೇಜಿನಲ್ಲಿ ಬಿಚ್ಚಿ ಗುಡ್ಡೆ ಹಾಕಿದ್ದೂ ಕಾರಾಗಬೇಕು. ಕೊನೆಯದು ಆಕಾರ. ಗಾಲಿಯ ಆಕಾರ ಜೋಡಿಸುವ ಮೊದಲು ಹೇಗಿತ್ತೋ ಆಮೇಲೂ ಹಾಗೆಯೇ ಇರುವುದರಿಂದ ಭಾಗಗಳ ಆಕಾರದಲ್ಲಿ ಕಾರು ಸಿಗುವುದಿಲ್ಲ. ರಾಶಿಗೇ ಸ್ವಂತ ಸತ್ತೆಯಿಲ್ಲದಿರುವಾಗ ಅದರ ಆಕಾರಕ್ಕೆ ಆಶ್ರಯವೂ ಇಲ್ಲ.

ಏಳು ಕಡೆ ಹುಡುಕಿದರೂ ಸಿಗದ್ದನ್ನು ಇಲ್ಲವೆಂದು ಸಾರಿಬಿಡುವುದು ಸಹಜವಾಗಿತ್ತು. ಚಂದ್ರಕೀರ್ತಿ ಹಾಗೆ ಮಾಡುವುದಿಲ್ಲ, ಮತ್ತು ಅವನ ಹಿರಿಮೆ ಇರುವುದು ಇಲ್ಲಿಯೇ. ವಿಚಾರಕ್ಕೆ ಸಿಗದ ರಥ ಲೋಕವ್ಯವಹಾರದಲ್ಲಿ ತನ್ನ ಅಂಗಗಳನ್ನು ಅವಲಂಬಿಸಿ ರಥವಾಗಿಯೇ ಇದೆ, ಲೋಕದ ಆ ಮಾತನ್ನು ಕೆಡಿಸಬಾರದು ಎಂದು ಅವನು ಒತ್ತಿ ಹೇಳುತ್ತಾನೆ. ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ಕಾರಿಗೆ ಒಂದುತನವನ್ನು ಕೊಟ್ಟದ್ದು ಲೋಹವಲ್ಲ, ಅದರ ಸುತ್ತ ನಡೆದ ವ್ಯವಹಾರ ಎಂದು ಹೇಳಬಹುದು. ಮುಂಡಗೋಡವೇ ಇದಕ್ಕೆ ದೊಡ್ಡ ನಿದರ್ಶನ. ಲ್ಹಾಸಾದ ಬಳಿ 1409ರಲ್ಲಿ ಸ್ಥಾಪನೆಯಾದ ಗಾಂದೆನ್ ಮತ್ತು 1416ರಲ್ಲಿ ಸ್ಥಾಪನೆಯಾದ ದ್ರೆಪುಂಗ್ ವಿಹಾರಗಳನ್ನು ಬಿಟ್ಟು ಬಂದ ಭಿಕ್ಷುಗಳು, 1966ರಲ್ಲಿ ಆರಂಭವಾದ ಮುಂಡಗೋಡದ ಟಿಬೆಟನ್ ನೆಲೆಯಲ್ಲಿ ಅವೇ ಹೆಸರಿನ ವಿಹಾರಗಳನ್ನು ಮತ್ತೆ ಕಟ್ಟಿದರು. ಅಲ್ಲಿನ ಗೋಡೆಗಳು ಇಲ್ಲಿಗೆ ಬರಲಿಲ್ಲ. ಆದರೂ ಪಾಠ, ವಾದ, ಗುರುಪರಂಪರೆಗಳು ಮುಂದುವರಿದದ್ದರಿಂದ ಇದು ಗಾಂದೆನ್ನೇ, ಇದು ದ್ರೆಪುಂಗೇ ಎಂದು ಅವರು ಹೇಳುವುದರಲ್ಲಿ ಯಾವ ತಪ್ಪೂ ಇಲ್ಲ. ಭಾಗಗಳೆಲ್ಲ ಹಿಂದೆಯೇ ಉಳಿದರೂ ವ್ಯವಹಾರದ ಬಲದಿಂದ ಒಂದು ವಿಹಾರ ಉಳಿಯಬಹುದಾದರೆ, ಭಾಗಗಳೆಲ್ಲ ಉಳಿದರೂ ವ್ಯವಹಾರ ಮುಗಿದ ದಿನ ಒಂದು ‘ಮನೆಯ ಗಾಡಿ’ ಇಲ್ಲವಾಗಬಹುದು. ಕೀಲಿಕೈ ಕೊಡುವ ಹೊತ್ತಿನಲ್ಲಿ ಆಗುವುದು ಇದೇ: ಕಾರು ಅಂಗಳದಲ್ಲಿ ನಿಂತೇ ಇರುತ್ತದೆ, ಮುಗಿಯುವುದು ಮನೆಯ ಬಾಳಿನ ಒಂದು ಕ್ರಮ. ವ್ಯಥೆಗೆ ನಿಜವಾದ ವಿಷಯವಿದೆ. ಅದು ಎಲ್ಲಿದೆ ಎಂದು ತೋರಿಸಲು ಹೋದ ಬೆರಳು ಮಾತ್ರ ತಪ್ಪಿ ಲೋಹದ ಕಡೆ ತಿರುಗುತ್ತದೆ.

ಇಷ್ಟಾದರೂ ‘ಮಮಕಾರ’ದ ಪ್ರಶ್ನೆ ಉಳಿಯುತ್ತದೆ. ‘ನಾನು’ ಎಂಬ ಹಿಡಿತ ಅಹಂಕಾರವಾದರೆ ‘ನನ್ನದು’ ಎಂಬ ಹಿಡಿತ ಮಮಕಾರ. ಮೊದಲು ನಾನೆಂದು ಹಿಡಿದು ಆಮೇಲೆ ನನ್ನದೆಂದು ಹಿಡಿಯುವ ಜೀವಿಗಳು ಬಾವಿಯ ನೀರೆತ್ತುವ ಚಕ್ರದ ಗಡಿಗೆಗಳಂತೆ ಸುತ್ತುತ್ತವೆಂದು ಕಂಡು ಚಂದ್ರಕೀರ್ತಿ ತನ್ನ ಗ್ರಂಥದ ಆರಂಭದಲ್ಲೇ ಕರುಣೆಗೆ ವಂದಿಸುತ್ತಾನೆ. ಬೃಹದಾರಣ್ಯಕ ಉಪನಿಷತ್ತಿನ ಯಾಜ್ಞವಲ್ಕ್ಯನೂ ಪ್ರಿಯವಾದುದೆಲ್ಲ ಆತ್ಮಕ್ಕಾಗಿಯೇ ಪ್ರಿಯವಾಗುತ್ತದೆಂದು ಹೆಂಡತಿ ಮೈತ್ರೇಯಿಗೆ ತಿಳಿಸುತ್ತಾನೆ. ಈ ಎರಡು ದರ್ಶನಗಳು ಆತ್ಮದ ವಿಷಯದಲ್ಲಿ ಎದುರುಬದುರಾಗಿದ್ದರೂ, ಪ್ರೀತಿಯ ಬೇರನ್ನು ವಸ್ತುವಿನೊಳಗೆ ಹುಡುಕಬಾರದೆಂಬಲ್ಲಿ ಒಂದಾಗುತ್ತವೆ. ಆದರೆ ಮಮಕಾರವನ್ನು ಖಂಡಿಸುವ ಭರದಲ್ಲಿ ಮಮತೆಯನ್ನೂ ಅದರ ಜೊತೆಗೆ ಕಿತ್ತೆಸೆಯುವ ಉಪದೇಶವನ್ನು ಒಪ್ಪಲಾಗದು. ಗಾಡಿಯನ್ನು ಇತರರು ಮುಟ್ಟಬಾರದೆಂದು ಕಾದದ್ದು ಮಮಕಾರ; ನಡುರಾತ್ರಿ ಬಾಗಿಲು ಬಡಿದವರಿಗಾಗಿ ಅದನ್ನು ಹೊರತೆಗೆದದ್ದು, ಮಳೆಗಾಲ ಮುಗಿದೊಡನೆ ಅದರ ತಳದ ಕೆಸರು ತೊಳೆದದ್ದು ಮಮತೆ, ಮತ್ತು ಎರಡನೆಯದು ಮೊದಲನೆಯದಿಲ್ಲದೆಯೂ ಇರಬಲ್ಲದು.

‘ಮೊದಲ’ ಎಂಬ ವಿಶೇಷಣವೂ ಇದನ್ನೇ ತೋರಿಸುತ್ತದೆ. ಒಂದು ಮನೆ ಬಿಟ್ಟುಕೊಟ್ಟ ಹಳೆಯ ಕಾರು ಪಕ್ಕದ ಊರಿನ ಇನ್ನೊಂದು ಮನೆಯ ಮೊದಲ ಕಾರಾಗಬಹುದು. ಅದೇ ಚಾಸಿ, ಅದೇ ಎಂಜಿನ್ನು, ಆದರೆ ಅಲ್ಲಿ ಹೊಸದಾಗಿ ಪೂಜೆ, ಹೊಸ ಓಣಿಯ ಕರೆಗಳು. ಈ ದೃಷ್ಟಿಯಿಂದ ಮಾರುವುದೂ ಗುಜರಿಗೆ ಹಾಕುವುದೂ ಒಂದೇ ಬಗೆಯ ಬೀಳ್ಕೊಡುಗೆಗಳಲ್ಲ. ಮಾರುವಾಗ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಬಿದ್ದು ಹೆಸರು ಬದಲಾಗುತ್ತದೆ, ಒಂದು ಸಂಬಂಧ ಮುಗಿದು ಇನ್ನೊಂದು ತೊಡಗುತ್ತದೆ; ಗುಜರಿಯಲ್ಲಿ ಚಾಸಿ ಸಂಖ್ಯೆಯಿರುವ ತುಂಡನ್ನು ಕತ್ತರಿಸಿ ತೆಗೆದು ನೋಂದಣಿಯನ್ನು ರದ್ದುಪಡಿಸಿದಾಗ ಪ್ರಜ್ಞಪ್ತಿಯ ಆಧಾರವೇ ಕಳಚಿಹೋಗುತ್ತದೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿಯಿದ್ದು, ಆಮೇಲೆ ಪರೀಕ್ಷೆಗೆ ಒಡ್ಡಿ 5 ವರ್ಷಗಳಂತೆ ನವೀಕರಿಸಬೇಕಾಗಿರುವುದರಿಂದ, 2014ರಲ್ಲಿ ನೋಂದಣಿಯಾದ ಕೊನೆಯ ಮಾರುತಿ 800ಗಳ ಮನೆಯವರೂ 2029ರ ಹೊತ್ತಿಗೆ ಈ ಆಯ್ಕೆಯನ್ನು ಎದುರಿಸಬೇಕಾಗುತ್ತದೆ. ಗುಜರಿಯವನು ಹೆಚ್ಚು ಕೊಡುತ್ತೇನೆಂದರೂ ಕೇಳದೆ, ಓಡಿಸುವವರಿಗೇ ಕಡಿಮೆ ಬೆಲೆಗೆ ಕೊಡುವ ಹಿರಿಯರ ಹಟದಲ್ಲಿ ತತ್ತ್ವಶಾಸ್ತ್ರ ಒಪ್ಪಬಹುದಾದ ವಿವೇಕವಿದೆ.

ಆಯುಧಪೂಜೆ ನಡೆಯುವ ಖಂಡೇನವಮಿಯ ದಿನ ಈ ಭಾಗದ ಮನೆಗಳಲ್ಲಿ ವಾಹನವನ್ನು ತೊಳೆದು, ಹೂಮಾಲೆ ಹಾಕಿ, ತೆಂಗಿನಕಾಯಿ ಒಡೆದು ಪೂಜಿಸುತ್ತಾರೆ. ಹೊಸ ಗಾಡಿ ಬಂದಾಗಲೂ ಗಾಲಿಯಡಿ ನಿಂಬೆಹಣ್ಣು ಇಡುತ್ತಾರೆ. ಆದರೆ ಹೋಗುವ ಗಾಡಿಗೆ ವಿಧಿಯಿಲ್ಲ. ಮಣ್ಣಿನ ಗಣಪತಿಗೆ ಆವಾಹನೆ ಇರುವಂತೆಯೇ ವಿಸರ್ಜನೆಯೂ ಇದೆ. ಕೂರಿಸಿದ ಹೆಸರನ್ನು ಕೈಮುಗಿದು ಎತ್ತಿಕೊಂಡ ಮೇಲೆಯೇ ಮಣ್ಣು ನೀರಿಗೆ ಹೋಗುತ್ತದೆ, ಮತ್ತು ಮಣ್ಣಿನೊಳಗೆ ದೇವರು ಸಿಕ್ಕಿಹಾಕಿಕೊಂಡಿದ್ದಾನೆಂದು ಹಾಗೆ ಕಳುಹಿಸುವವರಾರೂ ಭಾವಿಸುವುದಿಲ್ಲ. ವಾಹನದ ವಿಷಯದಲ್ಲಿ ಈ ಎರಡನೆಯ ಅರ್ಧ ಬೆಳೆದು ಬರದಿದ್ದುದಕ್ಕೆ, ಅದು ಇಷ್ಟು ಬೇಗ ಮನೆಯ ಸದಸ್ಯನ ಸ್ಥಾನ ಪಡೆದೀತೆಂದು ಸಂಪ್ರದಾಯ ಊಹಿಸದಿದ್ದುದೇ ಕಾರಣವಿರಬೇಕು. ಕಾರು ಕೊಡುವ ಮುನ್ನ ಅದನ್ನು ಕೊನೆಯ ಸಲ ತೊಳೆಯುವುದು, ಡ್ಯಾಶ್‌ಬೋರ್ಡಿನ ಮೇಲಿನ ದೇವರ ಪುಟ್ಟ ಮೂರ್ತಿಯನ್ನು ತೆಗೆದು ಮನೆಯ ದೇವರ ಜಗಲಿಗೆ ತರುವುದು, ಮನೆಮಂದಿಯೆಲ್ಲ ಅದರಲ್ಲಿ ಕುಳಿತು ಊರ ಗುಡಿಯವರೆಗೆ ಹೋಗಿ ಬರುವುದು ಮುಂತಾಗಿ ಒಂದೊಂದು ಮನೆ ತನಗೆ ತೋಚಿದ ಕ್ರಮವನ್ನು ಕಟ್ಟಿಕೊಳ್ಳುವುದು ಈ ಕೊರತೆಯನ್ನು ತುಂಬುವ ಪ್ರಯತ್ನವೇ ಆಗಿದ್ದು, ಅದನ್ನು ಭಾವುಕತೆಯೆಂದು ನಗುವವರಿಗಿಂತ ಹಾಗೆ ಮಾಡುವವರೇ ವಿಸರ್ಜನೆಯ ಅರ್ಥಕ್ಕೆ ಹೆಚ್ಚು ಹತ್ತಿರದಲ್ಲಿದ್ದಾರೆ.